ಒಡಲೊಳಗಿನ ಮಳೆನೀರು

ತುಂಗಭದ್ರೆಯ ದಂಡೆಯ ಅಂಬಿಗನು ದಿನದ ಕೆಲಸ ಮುಗಿದ ಮೇಲೆ ತನ್ನ ಹರಿಗೋಲನ್ನು ನೀರಿನಿಂದ ಎತ್ತಿ, ಬೆನ್ನಿನ ಮೇಲೆ ಹೊತ್ತು ತಂದು, ದಡದಲ್ಲಿ ಬೋರಲು ಹಾಕಿ ಮನೆಗೆ ಹೋಗುವನು. ನೋಡುವವರಿಗೆ ಇದು ತಲೆಮಾರುಗಳಿಂದ ನಡೆದುಬಂದ ಬರಿಯ ವಾಡಿಕೆಯೆಂದು ತೋರಬಹುದು. ಆದರೆ ನೌಕೆಯ ಒಡಲಿನಲ್ಲಿ ಮಳೆನೀರು ನಿಂತರೆ ಒದಗುವ ಅನರ್ಥಗಳಾವುವು, ಅವುಗಳ ಕಾರಣವೇನು, ಪರಿಹಾರವೇನು ಎಂಬ ಪ್ರಶ್ನೆಗಳಿಗೆಲ್ಲ ಆ ಒಂದು ಕ್ರಿಯೆಯಲ್ಲಿಯೇ ಸಮರ್ಪಕವಾದ ಉತ್ತರವು ಅಡಗಿರುವುದು. ಉತ್ತರವನ್ನು ಬಿಡಿಸಿ ನೋಡಿದಲ್ಲದೆ ಅದರ ಬೆಲೆ ತಿಳಿಯದಾದುದರಿಂದ, ಈ ಅಧ್ಯಾಯವನ್ನು ಆ ವಿಚಾರಕ್ಕೇ ಮೀಸಲಿಡಲಾಗಿದೆ.

ಮಳೆ ಕಡಮೆಯ ನಾಡಿನಲ್ಲಿ

ಬಳ್ಳಾರಿಯ ಸೀಮೆಯಲ್ಲಿ ಮಳೆನೀರನ್ನು ಶತ್ರುವೆಂದು ಬಗೆಯುವುದು ಮೊದಲಿಗೆ ಅಸಂಗತವೆನಿಸೀತು. ಇಲ್ಲಿ ವರ್ಷವೊಂದಕ್ಕೆ ಬೀಳುವ ಮಳೆಯು ಸುಮಾರು ಅರ್ಧ ಮೀಟರಿನಷ್ಟು ಮಾತ್ರ. ಅದರ ದೊಡ್ಡ ಪಾಲು ಮುಂಗಾರಿನ ಕೊನೆಯಲ್ಲಿ ಕೆಲವೇ ದಿನಗಳ ಬಿರುಸಾದ ಧಾರೆಗಳಾಗಿ ಬಂದುಹೋಗುವುದು. ಆದಕಾರಣ ಇಲ್ಲಿನ ಜನರು ಬಂಡೆಯ ಹೊಂಡಗಳಲ್ಲಿ ನಿಂತ ನೀರನ್ನೂ ಸಂಪತ್ತೆಂದು ಕಾಪಾಡಿಕೊಂಡು ಬಂದವರು. ಬಳ್ಳಾರಿ ಗುಡ್ಡದ ಮೇಲುಕೋಟೆಯಲ್ಲಿ ಬಂಡೆಯ ಬಿರುಕುಗಳನ್ನೇ ಆಳವಾದ ಕೊಳಗಳನ್ನಾಗಿಸಿ ಮಳೆನೀರನ್ನು ಕೂಡಿಟ್ಟಿರುವುದನ್ನು ಇಂದಿಗೂ ಕಾಣಬಹುದು. ಸಿಂದ ಅರಸರು ಆಳಿದ ಕುರುಗೋಡಿನ ಸುತ್ತಣ ಗ್ರಾನೈಟ್ ಗುಡ್ಡಗಳಲ್ಲಿಯೂ ಮಳೆಗಾಲವು ಕಲ್ಲಿನ ತಗ್ಗುಗಳನ್ನು ತುಂಬುವುದುಂಟು. ಇಂಥ ದೊಣೆಗಳ ನೀರೇ ಹಿಂದಿನ ಕಾಲದ ಗಿರಿದುರ್ಗಗಳಿಗೆ ಮುತ್ತಿಗೆಯ ದಿನಗಳಲ್ಲಿ ಪ್ರಾಣಾಧಾರವಾಗಿದ್ದಿತು. ಬಂಡೆಯ ಒಡಲಿನಲ್ಲಿ ನಿಂತ ನೀರಿನ ಭಾರವನ್ನು ಭೂಮಿಯು ಹೊರುವುದು, ಬಂಡೆಯು ವಾಲುವುದಿಲ್ಲ, ಕೊಳೆಯುವುದೂ ಇಲ್ಲ. ತೇಲುವ ಒಡಲಿನಲ್ಲಿ ಈ ಮೂರೂ ತಲೆಕೆಳಗಾಗುವುವು.

ಮಳೆ ಇಷ್ಟು ಕಡಮೆಯಾದ ಈ ಸೀಮೆಯಲ್ಲಿ ನೌಕೆಗೇನು ಕೆಲಸವೆಂದು ಕೇಳುವವರಿಗೆ ಸಿರುಗುಪ್ಪವೇ ಉತ್ತರ. ಆ ಊರು ತುಂಗಭದ್ರೆಯ ಕವಲೊಂದರ ದಂಡೆಯ ಮೇಲಿದೆ. ಕೂಡಲಿಯಲ್ಲಿ ತುಂಗೆ ಭದ್ರೆಗಳು ಕೂಡಿದ ಮೇಲೆ ಹರಿದುಬರುವ ಈ ನದಿಯು ತನ್ನ ನೀರನ್ನೆಲ್ಲ ಬಹುಮಟ್ಟಿಗೆ ಮಲೆನಾಡಿನಿಂದಲೇ ತರುವುದರಿಂದ, ಬಳ್ಳಾರಿಯಲ್ಲಿ ಮೋಡವೇ ಇಲ್ಲದ ದಿನಗಳಲ್ಲಿಯೂ ಸಿರುಗುಪ್ಪದಲ್ಲಿ ಹೊಳೆ ತುಂಬಿ ಹರಿಯಬಹುದು. ವಿಜಯನಗರದ ಕಾಲದ ಕಾಲುವೆಗಳ ಸಾಲಿನಲ್ಲಿ ಸಿರುಗುಪ್ಪದ ಕಾಲುವೆ, ದೇಶನೂರಿನ ಕಾಲುವೆಗಳೂ ಸೇರಿವೆ. ಗದ್ದೆಗಳ ಈ ನಾಡಿಗೆ ನದಿಯನ್ನು ದಾಟುವ ಸಾಧನವು ಎಂದೂ ಅವಶ್ಯಕವಾಗಿದ್ದಿತು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸನು, ಆನೆಗೊಂದಿಯ ಬಳಿ ಜನರು ಬುಟ್ಟಿಯಂತೆ ದುಂಡಾದ, ಒಳಗೆ ಬೆತ್ತದ ಹೆಣಿಗೆಯೂ ಹೊರಗೆ ತೊಗಲಿನ ಹೊದಿಕೆಯೂ ಉಳ್ಳ ದೋಣಿಗಳಲ್ಲಿ ನದಿ ದಾಟುವರೆಂದೂ, ಅವು ಹದಿನೈದು ಇಪ್ಪತ್ತು ಜನರನ್ನು ಹೊರುವುವೆಂದೂ, ನೇರವಾಗಿ ಸಾಗಲಾರದೆ ಸದಾ ಗಿರಗಿರನೆ ತಿರುಗುವುವೆಂದೂ ಬರೆದಿಟ್ಟಿದ್ದಾನೆ. ಬಳ್ಳಾರಿಯು 1953ರವರೆಗೆ ಸೇರಿದ್ದ ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ಎಂಬ ವಿದ್ವಾಂಸರು ದಕ್ಷಿಣ ಭಾರತದ ಹರಿಗೋಲುಗಳನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದರು. ಬಿದಿರಿನ ದಬ್ಬೆಗಳ ಹೆಣಿಗೆ ಇಂದಿಗೂ ಉಳಿದಿದೆ. ತೊಗಲಿನ ಸ್ಥಾನಕ್ಕೆ ಮಾತ್ರ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ.

ಭಾರದ ಲೆಕ್ಕ

ಮಳೆಯ ಅಳತೆಯನ್ನು ಮಿಲಿಮೀಟರುಗಳಲ್ಲಿ ಓದಿದಾಗ ಅದು ಎಷ್ಟು ಭಾರವೆಂಬುದು ಮನಸ್ಸಿಗೆ ಹೊಳೆಯುವುದಿಲ್ಲ. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರು ಮಳೆ ಎಂದರೆ ಒಂದು ಲೀಟರು ನೀರು, ಅಂದರೆ ಒಂದು ಕಿಲೋಗ್ರಾಂ. ಬಾಯಿಯ ವ್ಯಾಸವು 2 ಮೀಟರು ಇರುವ ಹರಿಗೋಲೊಂದನ್ನು ತೆಗೆದುಕೊಂಡರೆ ಅದರ ಬಾಯಿಯ ವಿಸ್ತೀರ್ಣವು 3 ಚದರ ಮೀಟರಿಗಿಂತ ತುಸು ಹೆಚ್ಚು. ಭಾರತೀಯ ಹವಾಮಾನ ಇಲಾಖೆಯು ದಿನವೊಂದರಲ್ಲಿ 64.5 ಮಿಲಿಮೀಟರನ್ನು ಮುಟ್ಟಿದ ಮಳೆಯನ್ನು ಭಾರಿ ಮಳೆಯೆಂದು ಕರೆಯುವುದು. ಅಂಥ ಒಂದು ದಿನದಲ್ಲಿ, ಬಾಯ್ತೆರೆದು ಕಟ್ಟಿಹಾಕಿದ ಈ ಹರಿಗೋಲಿನೊಳಗೆ 200 ಲೀಟರಿಗೂ ಹೆಚ್ಚು ನೀರು ಸೇರುವುದು. ಎಂದರೆ ಮೂರು ನಾಲ್ಕು ಮಂದಿ ಪ್ರಯಾಣಿಕರು ಯಾರಿಗೂ ತಿಳಿಯದಂತೆ ಹತ್ತಿ ಕುಳಿತಂತಾಯಿತು.

ತೇಲುವ ವಸ್ತುವು ತನ್ನ ತೂಕಕ್ಕೆ ಸಮನಾದ ತೂಕದ ನೀರನ್ನು ಪಲ್ಲಟಗೊಳಿಸುವುದೆಂಬ ಆರ್ಕಿಮಿಡೀಸನ ತತ್ತ್ವವನ್ನು ಬಲ್ಲವರಿಗೆ ಇದರ ಪರಿಣಾಮವು ಸ್ಪಷ್ಟ. ಒಳಗೆ ಸೇರಿದ ಪ್ರತಿಯೊಂದು ಲೀಟರಿಗೂ ಹರಿಗೋಲು ಇನ್ನಷ್ಟು ಮುಳುಗಿ, ಅಂಚಿಗೂ ನದಿಯ ಮಟ್ಟಕ್ಕೂ ನಡುವೆ ಉಳಿದ ಎತ್ತರವು, ಅಂದರೆ ಅಲೆಗಳ ವಿರುದ್ಧ ನೌಕೆಗಿರುವ ಏಕಮಾತ್ರ ರಕ್ಷಣೆಯು, ಕುಗ್ಗುತ್ತ ಬರುವುದು. ಇಷ್ಟೇ ಆಗಿದ್ದರೆ ವಿಷಯವು ಸರಳವಾಗಿದ್ದಿತು. ಮೂವರು ಪ್ರಯಾಣಿಕರನ್ನು ಕಡಮೆ ಹತ್ತಿಸಿಕೊಂಡರೆ ಸಾಕಾಗುತ್ತಿದ್ದಿತು. ಆದರೆ ಮನುಷ್ಯನು ಕುಳಿತಲ್ಲಿ ಕುಳಿತಿರಬಲ್ಲನು, ನೀರಿಗೆ ಆ ಸ್ವಭಾವವಿಲ್ಲ.

ಸ್ವೇಚ್ಛೆಯ ನೀರು

ನೌಕೆಯು ಒಂದು ಕಡೆಗೆ ಓರೆಯಾದಾಗ ಆ ಪಕ್ಕದ ಒಡಲು ಹೆಚ್ಚು ಮುಳುಗುವುದು. ಮುಳುಗಿದ ಭಾಗದ ಆಕಾರವು ಬದಲಾಗಿ, ಮೇಲ್ಮುಖವಾದ ಉತ್ಪ್ಲವನ ಬಲವು ಆ ಪಕ್ಕಕ್ಕೆ ಸರಿದು, ನೌಕೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು. ಈ ಸ್ಥಿರತೆಯ ಗಣಿತವನ್ನು ಫ್ರಾನ್ಸಿನ ಪಿಯರ್ ಬೂಗೇ ಎಂಬ ವಿಜ್ಞಾನಿಯು 1746ರಲ್ಲಿ ಪ್ರಕಟಿಸಿದ ತನ್ನ ನೌಕಾಶಾಸ್ತ್ರದ ಗ್ರಂಥದಲ್ಲಿ ವಿವರಿಸಿ, ಮೆಟಾಸೆಂಟರ್ ಎಂಬ ಪರಿಭಾಷೆಯನ್ನು ಶಾಸ್ತ್ರಕ್ಕೆ ಕೊಟ್ಟನು. ಭೂಮಿಯ ಆಕಾರವನ್ನು ಅಳೆಯಲೆಂದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಿಗೆ ಹೋಗಿ ವರ್ಷಗಟ್ಟಲೆ ಇದ್ದ ಅವಧಿಯಲ್ಲಿ, ಸಮುದ್ರದಿಂದ ಅಷ್ಟು ದೂರದಲ್ಲಿ, ಆತನು ಈ ಗ್ರಂಥದ ವಿಚಾರವನ್ನು ಬೆಳೆಸಿದನೆಂಬುದು ನೆನೆಯತಕ್ಕ ಸಂಗತಿ.

ಬೂಗೇಯ ಲೆಕ್ಕದ ಪ್ರಕಾರ, ದುಂಡಾದ ನೌಕೆಯ ಆಕಾರದಿಂದ ಒದಗುವ ಸ್ಥಿರತೆಯು ನೀರಿನ ಮಟ್ಟದಲ್ಲಿ ಅದರ ತ್ರಿಜ್ಯವೆಷ್ಟೋ ಅದರ ನಾಲ್ಕನೆಯ ಘಾತದಂತೆ ಹೆಚ್ಚುವುದು. ಅಗಲವಾದ ಹರಿಗೋಲು ಅಷ್ಟು ಹಗುರವಾಗಿದ್ದೂ ನೆಚ್ಚತಕ್ಕ ವಾಹನವಾಗಿರುವುದಕ್ಕೆ ಇದೇ ಕಾರಣ. ಈಗ ಅದರೊಳಗೆ ಮಳೆನೀರು ನಿಂತಿದೆಯೆಂದು ಭಾವಿಸೋಣ. ಹರಿಗೋಲು ಓರೆಯಾದೊಡನೆ ಒಳಗಣ ನೀರೂ ತಗ್ಗಿದ ಪಕ್ಕಕ್ಕೇ ಹರಿಯುವುದು. ಹೊರಗಣ ನೀರು ಆ ಪಕ್ಕವನ್ನು ಮೇಲಕ್ಕೆ ನೂಕುತ್ತಿರುವಾಗ ಒಳಗಣ ನೀರು ಅದೇ ಪಕ್ಕವನ್ನು ಕೆಳಕ್ಕೆ ಒತ್ತುವುದು. ಒತ್ತುವ ಈ ಪರಿಣಾಮವೂ ಒಳಗಣ ನೀರಿನ ಮೇಲ್ಮೈಯ ತ್ರಿಜ್ಯದ ನಾಲ್ಕನೆಯ ಘಾತವನ್ನೇ ಅನುಸರಿಸುವುದು. ಒಳಗಣ ನೀರಿನ ವೃತ್ತವು ಹೊರಗಣ ವೃತ್ತದ ಅರ್ಧದಷ್ಟಿದ್ದರೆ ಹದಿನಾರರಲ್ಲೊಂದು ಪಾಲು ಸ್ಥಿರತೆ ನಷ್ಟವಾಗುವುದು, ಅದು ಸಹ್ಯ. ಮುಕ್ಕಾಲಿನಷ್ಟಾದರೆ ಮೂರರಲ್ಲೊಂದು ಪಾಲು ಹೋಗುವುದು. ಹತ್ತರಲ್ಲಿ ಒಂಬತ್ತರಷ್ಟಾದರೆ ಮೂರರಲ್ಲೆರಡು ಪಾಲು ಹೋಗಿ, ಒಬ್ಬ ಪ್ರಯಾಣಿಕನು ಎದ್ದು ನಿಂತ ಮಾತ್ರಕ್ಕೆ ನೌಕೆ ಮಗುಚುವ ಸ್ಥಿತಿ ಒದಗಬಹುದು. ಆಕಾರವು ದಯಪಾಲಿಸಿದ ಸ್ಥಿರತೆಯನ್ನು ಒಳಗಣ ನೀರು ಅದೇ ಆಕಾರದ ನಿಯಮದಿಂದ ಕಸಿದುಕೊಳ್ಳುವುದು.

ಈ ಲೆಕ್ಕದಲ್ಲಿ ನೀರಿನ ಆಳವು ಬರುವುದೇ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ನೀರು ಎಷ್ಟಿದೆಯೆಂಬುದಕ್ಕಿಂತ ಎಷ್ಟು ಅಗಲವಾಗಿ ಹರಡಿದೆಯೆಂಬುದೇ ಇಲ್ಲಿ ಮುಖ್ಯ. ತಂಬಿಗೆಯ ತುಂಬ ನೀರು ಹಿಡಿದು ನಡೆಯುವುದು ಸುಲಭ, ಅದೇ ನೀರನ್ನು ಅಗಲವಾದ ಹರಿವಾಣದಲ್ಲಿ ಸುರಿದುಕೊಂಡು ನಾಲ್ಕು ಹೆಜ್ಜೆ ನಡೆಯುವುದು ಕಷ್ಟವೆಂಬುದನ್ನು ಮಂಗಳ ಕಾರ್ಯದಲ್ಲಿ ಆರತಿಯ ತಟ್ಟೆ ಹಿಡಿದವರೆಲ್ಲರೂ ಬಲ್ಲರು. ಹರಿಗೋಲಿನ ತಳವು ಬಾಗಿದಷ್ಟೂ ನೀರು ನಡುವಿಗೆ ಸೇರಿ ಸಣ್ಣ ವೃತ್ತದಲ್ಲಿ ನಿಲ್ಲುವುದು. ಚಪ್ಪಟೆಯಾದಷ್ಟೂ ತೆಳುವಾದ ನೀರು ಅಂಚಿನಿಂದಂಚಿಗೆ ಓಡಾಡುವುದು.

ಸ್ವೇಚ್ಛೆಯಾಗಿ ಚಲಿಸುವ ನೀರಿನ ಈ ಶಕ್ತಿಯನ್ನು ದೊಡ್ಡ ಹಡಗುಗಳೂ ತಪ್ಪಿಸಿಕೊಳ್ಳಲಾರವು. 1987ರ ಮಾರ್ಚ್ 6ರಂದು ಬೆಲ್ಜಿಯಮ್ಮಿನ ಜೀಬ್ರುಗ್ಗೆ ಬಂದರಿನಿಂದ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಹಡಗು, ಮುಂಬಾಗಿಲುಗಳು ತೆರೆದೇ ಇದ್ದುದರಿಂದ ವಾಹನಗಳನ್ನು ನಿಲ್ಲಿಸುವ ವಿಶಾಲವಾದ ಅಟ್ಟದ ಮೇಲೆ ನೀರು ನುಗ್ಗಿ, ಕೆಲವೇ ನಿಮಿಷಗಳಲ್ಲಿ ಮಗುಚಿಬಿದ್ದಿತು. 193 ಮಂದಿ ಮಡಿದರು. ಗೋಡೆಗಳಿಲ್ಲದ ಆ ಅಟ್ಟದಲ್ಲಿ ನೀರಿಗೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಓಡಲು ಯಾವ ತಡೆಯೂ ಇರಲಿಲ್ಲ.

ಗೋಡೆಗಳೂ ಗುಪ್ತವಾದ ಕೋಣೆಗಳೂ

ನೀರಿನ ಸ್ವೇಚ್ಛೆಯನ್ನು ಮುರಿಯಲು ನೌಕಾಶಿಲ್ಪಿಗಳು ಕಂಡುಕೊಂಡ ಉಪಾಯವೆಂದರೆ ಒಡಲನ್ನು ಗೋಡೆಗಳಿಂದ ಕೋಣೆಗಳಾಗಿ ವಿಭಾಗಿಸುವುದು. ಆಯತಾಕಾರದ ಒಡಲನ್ನು ಉದ್ದುದ್ದವಾಗಿ ಎರಡು ಪಾಲು ಮಾಡಿದರೆ ಒಳನೀರಿನ ಕೇಡು ನಾಲ್ಕರಲ್ಲೊಂದಕ್ಕೆ ಇಳಿಯುವುದು. ಮೂರು ಪಾಲು ಮಾಡಿದರೆ ಒಂಬತ್ತರಲ್ಲೊಂದಕ್ಕೆ. ನೀರಿನ ಮೊತ್ತವು ಒಂದು ತೊಟ್ಟೂ ಕಡಮೆಯಾಗದೆ ಇಷ್ಟು ಲಾಭ ದೊರೆಯುವುದು. ಅಡ್ಡಗೋಡೆಗಳಿಂದಾದರೋ ಇನ್ನೊಂದು ಪ್ರಯೋಜನವುಂಟು: ಒಂದು ಕಡೆ ಒಡಲು ಬಿರಿದರೂ ನೀರು ಆ ಒಂದು ಕೋಣೆಯನ್ನು ಮೀರಿ ಹೋಗಲಾರದು. ಚೀನದ ದೊಡ್ಡ ಹಡಗುಗಳಲ್ಲಿ ಇಂಥ ಹದಿಮೂರು ಕೋಣೆಗಳವರೆಗೆ ಇರುವುದುಂಟೆಂದು ಮಾರ್ಕೊ ಪೋಲೊ ಹೇಳಿರುವನು. 1974ರಲ್ಲಿ ಚೀನದ ಚ್ವಾನ್‌ಝೋ ಬಂದರಿನ ಬಳಿ ಮಣ್ಣಿನಿಂದ ಅಗೆದು ತೆಗೆದ ಸುಂಗ್ ವಂಶದ ಕಾಲದ ಹಡಗಿನಲ್ಲಿ ಹನ್ನೆರಡು ಅಡ್ಡಗೋಡೆಗಳೂ ಹದಿಮೂರು ಕೋಣೆಗಳೂ ಕಂಡುಬಂದು ಆ ಮಾತನ್ನು ಸಮರ್ಥಿಸಿದುವು.

ಆದರೆ ಆ ಹಡಗಿನ ಗೋಡೆಗಳ ಬುಡದಲ್ಲಿ ಸಣ್ಣ ರಂಧ್ರಗಳಿದ್ದುವೆಂಬುದು ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದುದು. ನೀರನ್ನು ತಡೆಯಲೆಂದು ಕಟ್ಟಿದ ಗೋಡೆಗೆ ರಂಧ್ರವೇಕೆ? ಗೋಡೆಗಳು ನೀರಿನ ಓಟವನ್ನು ತಡೆಯುವಂತೆಯೇ ಅದನ್ನು ಕಣ್ಣಿನಿಂದಲೂ ಮರೆಮಾಡುವುವು. ಮೇಲಿನಿಂದ ಸೋರಿದ ಮಳೆನೀರು ಪ್ರತಿಯೊಂದು ಕೋಣೆಯಲ್ಲಿಯೂ ಸ್ವಲ್ಪಸ್ವಲ್ಪವಾಗಿ ನಿಂತರೆ, ಹದಿಮೂರು ಕಡೆಗಳಲ್ಲಿ ಹುಡುಕಿ ಹದಿಮೂರು ಕಡೆಗಳಲ್ಲಿ ಗೋರಬೇಕಾಗುವುದು. ಬುಡದ ರಂಧ್ರಗಳ ಮೂಲಕ ಅದು ಮೆಲ್ಲಗೆ ಒಡಲಿನ ಅತ್ಯಂತ ತಗ್ಗಿನ ಸ್ಥಳಕ್ಕೆ ಹರಿದು ಬಂದರೆ ಒಂದೇ ಕಡೆ ನೋಡಿ ಒಂದೇ ಕಡೆ ಎತ್ತಬಹುದು. ಒಡಲು ಬಿರಿದ ಆಪತ್ಕಾಲದಲ್ಲಿ ರಂಧ್ರಗಳಿಗೆ ಬೆಣೆ ಬಡಿದರೆ ಗೋಡೆಯು ಮತ್ತೆ ಗೋಡೆಯಾಗುವುದು. ಓಟಕ್ಕೆ ಅವಕಾಶ ಕೊಡದೆ ಹರಿವಿಗೆ ಅವಕಾಶ ಕೊಡಬೇಕೆಂಬ ಸೂಕ್ಷ್ಮವಾದ ವಿವೇಕವು ಆ ರಂಧ್ರಗಳಲ್ಲಿದೆ.

ಇಂದಿನ ಫೈಬರ್ ದೋಣಿಗಳಲ್ಲಿ ಸಾಮಾನುಗಳನ್ನಿಡಲು ಆಸನಗಳ ಕೆಳಗೂ ಮೂತಿಯಲ್ಲಿಯೂ ಮುಚ್ಚಳವುಳ್ಳ ಕೋಣೆಗಳಿರುವುವು. ಅವುಗಳಲ್ಲಿ ಮಳೆನೀರು ನಿಲ್ಲುವುದು ಸರ್ವಸಾಧಾರಣ. ಮುಚ್ಚಳವು ಬಿಗಿಯಾಗಿದ್ದರೂ ನೀರು ಹೊಕ್ಕುದು ಹೇಗೆಂದು ಜನರು ಆಶ್ಚರ್ಯಪಡುವರು. ಬಳ್ಳಾರಿಯ ಬೇಸಗೆಯಂಥ ಬಿಸಿಲಿನಲ್ಲಿ ನಿಂತ ದೋಣಿಯ ಕೋಣೆಯೊಳಗಣ ಗಾಳಿಯು 50 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬಹುದು. ಆಗ ಹಿಗ್ಗಿದ ಗಾಳಿಯ ಒಂದಂಶವು ಸಂದುಗಳಿಂದ ಹೊರಹೋಗುವುದು. ಸಂಜೆ ಹಠಾತ್ತಾಗಿ ಮಳೆ ಬಂದು ಉಷ್ಣತೆಯು 25 ಡಿಗ್ರಿಗೆ ಇಳಿದರೆ ಉಳಿದ ಗಾಳಿಯು ನೂರಕ್ಕೆ ಸುಮಾರು ಎಂಟು ಪಾಲು ಕುಗ್ಗಲು ಹವಣಿಸಿ, ಮುಚ್ಚಳದ ಸುತ್ತ ನಿಂತ ಮಳೆನೀರನ್ನೇ ಒಳಕ್ಕೆ ಹೀರಿಕೊಳ್ಳುವುದು. ಬಿಗಿಯಾದ ಮುಚ್ಚಳವೇ ಇಲ್ಲಿ ಪಂಪಿನ ಕೆಲಸ ಮಾಡುವುದು. ಮುಚ್ಚಳದ ಸುತ್ತಲೂ ಎತ್ತರಿಸಿದ ಅಂಚನ್ನೂ, ಅಂಚಿನ ಹೊರಗೆ ನೀರು ಹರಿದುಹೋಗುವ ಕಾಲುವೆಯನ್ನೂ, ಮಳೆ ಬೀಳದ ಮೂಲೆಯಲ್ಲಿ ಗಾಳಿಯಾಡಲು ಒಂದು ಕಿಂಡಿಯನ್ನೂ ಇಟ್ಟರೆ ಮಾತ್ರ ಈ ಹೀರುವಿಕೆಯು ನಿಲ್ಲುವುದು.

ಹೊರಹಾಕುವ ಬಗೆ

ಒಳಗೆ ಬಂದ ನೀರನ್ನು ಹೊರಹಾಕಲು ತಳದಲ್ಲಿ ತೂತು ಕೊರೆದರಾಗದೆ ಎಂದು ಮಕ್ಕಳು ಕೇಳುವರು, ಪ್ರಶ್ನೆ ಕ್ಷುಲ್ಲಕವಲ್ಲ. ನೀರು ಎತ್ತರದ ಮಟ್ಟದಿಂದ ತಗ್ಗಿನ ಮಟ್ಟಕ್ಕೆ ಹರಿಯುವುದು. ನೌಕೆಯ ಒಳಗಣ ನೀರು ಸಾಮಾನ್ಯವಾಗಿ ಹೊರಗಣ ನೀರಿಗಿಂತ ತಗ್ಗಿನಲ್ಲಿರುವುದರಿಂದ ತೂತಿನ ಮೂಲಕ ನದಿಯೇ ಒಳಕ್ಕೆ ಬರುವುದು. ನೀರಿನ ಮಟ್ಟಕ್ಕಿಂತ 20 ಸೆಂಟಿಮೀಟರು ಕೆಳಗೆ 2 ಸೆಂಟಿಮೀಟರು ವ್ಯಾಸದ ತೂತಿದ್ದರೆ, ಟಾರಿಚೆಲ್ಲಿಯ ನಿಯಮದಂತೆ ನಿಮಿಷಕ್ಕೆ 20 ಲೀಟರಿಗೂ ಹೆಚ್ಚು ನೀರು ನುಗ್ಗುವುದು. ದೋಣಿಗಳ ಹಿಂಬದಿಯಲ್ಲಿರುವ ಬಿರಡೆಯನ್ನು ದಡದ ಮೇಲೆ ತೆಗೆದು ಒಳನೀರನ್ನು ಹರಿಯಬಿಟ್ಟು, ನೀರಿಗಿಳಿಸುವ ಮೊದಲು ಮರೆಯದೆ ಬಿಗಿಯಬೇಕೆಂಬ ಕಟ್ಟಪ್ಪಣೆಯು ಈ ಕಾರಣದಿಂದಲೇ ಬಂದುದು. ತೇಲುತ್ತಿರುವಾಗಲೇ ತಾನಾಗಿ ನೀರು ಹೊರಹೋಗಬೇಕಾದರೆ ದೋಣಿಯ ಒಳನೆಲವನ್ನು ಹೊರಗಣ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಕಟ್ಟಿರಬೇಕು, ಮತ್ತು ಭಾರ ಹೇರಿದ ಮೇಲೂ ಆ ಎತ್ತರವು ಉಳಿದಿರಬೇಕು.

ಹಾಗಿಲ್ಲದೆಡೆ ನೀರನ್ನು ಎತ್ತಿಯೇ ಚೆಲ್ಲಬೇಕು. ಹರಿಗೋಲಿನವರು ಡಬ್ಬದಿಂದಲೋ ಚಿಪ್ಪಿನಿಂದಲೋ ಗೋರಿ ಚೆಲ್ಲುವರು. ಕ್ರಿ. ಪೂ. ಮೂರನೆಯ ಶತಮಾನದಲ್ಲಿ ಸಿರಾಕ್ಯೂಸಿನ ಹೀರೋ ಎಂಬ ಅರಸನು ಕಟ್ಟಿಸಿದ ಮಹಾನೌಕೆಯ ತಳದಲ್ಲಿ ಸೇರಿದ ನೀರನ್ನು, ಅದು ಬಹಳ ಆಳದಲ್ಲಿದ್ದರೂ, ಆರ್ಕಿಮಿಡೀಸನು ನಿರ್ಮಿಸಿದ ತಿರುಪುಯಂತ್ರದ ಸಹಾಯದಿಂದ ಒಬ್ಬನೇ ಮನುಷ್ಯನು ಎತ್ತಿಹಾಕುತ್ತಿದ್ದನೆಂದು ಗ್ರೀಕ್ ಲೇಖಕ ಅಥೆನೇಯಸನು ಹೇಳಿರುವನು. ತೇಲುವಿಕೆಯ ತತ್ತ್ವವನ್ನು ಕಂಡವನೇ ಅದರ ವೈರಿಯನ್ನು ಹೊರಹಾಕುವ ಯಂತ್ರಕ್ಕೂ ಹೆಸರಾದುದು ಉಚಿತವಾಗಿಯೇ ಇದೆ.

ತೇವದ ಕೇಡು

ಗೋರಿ ಚೆಲ್ಲಿದ ಮೇಲೂ ಉಳಿದ ತೇವವು ತನ್ನ ಕೆಲಸವನ್ನು ನಿಧಾನವಾಗಿ ಮಾಡುವುದು. ಮರವನ್ನಾಗಲಿ ಬಿದಿರನ್ನಾಗಲಿ ಕೊಳೆಯಿಸುವ ಶಿಲೀಂಧ್ರಗಳಿಗೆ ನೀರೂ ಗಾಳಿಯೂ ಎರಡೂ ಬೇಕು. ಮರದ ತೇವಾಂಶವು ನೂರಕ್ಕೆ 20ಕ್ಕಿಂತ ಕಡಮೆಯಿದ್ದರೆ ಅವು ಬೆಳೆಯಲಾರವು; ಪೂರ್ಣವಾಗಿ ಮುಳುಗಿದ ಮರದಲ್ಲಿ ಗಾಳಿಯಿಲ್ಲದೆ ಬೆಳೆಯಲಾರವು. ಅರೆನೆನೆದ, ಗಾಳಿಯಾಡದ, ಬೆಚ್ಚಗಿನ ಮೂಲೆಯೇ ಅವುಗಳ ತವರು. ಸಮುದ್ರದ ಹಡಗುಗಳಿಗೆ ಉಪ್ಪು ಒಂದಿಷ್ಟು ರಕ್ಷೆಯನ್ನೀಯುವುದು. ಹಿಂದಿನ ಕಾಲದಲ್ಲಿ ಹಡಗಿನ ಪಕ್ಕೆಗಳ ನಡುವೆ ಕಲ್ಲುಪ್ಪನ್ನೇ ತುಂಬುತ್ತಿದ್ದರು, ಮತ್ತು ಕೆಳಗಿನಿಂದ ಬರುವ ಕಡಲಿಗಿಂತ ಮೇಲಿನಿಂದ ಬರುವ ಮಳೆಗೇ ನಾವಿಕರು ಹೆಚ್ಚು ಅಂಜುತ್ತಿದ್ದರು. ತುಂಗಭದ್ರೆಯ ಹರಿಗೋಲಿಗೆ ಕೆಳಗೂ ಸಿಹಿನೀರು, ಮೇಲೂ ಸಿಹಿನೀರು; ಉಪ್ಪಿನ ಆಸರೆಯಿಲ್ಲದ ಅದಕ್ಕೆ ಒಣಗುವಿಕೆಯೊಂದೇ ಔಷಧ. ತೊಗಲಿನ ಹೊದಿಕೆಯ ಕಾಲದಲ್ಲಿ ಈ ಔಷಧವು ತಪ್ಪಿದರೆ ಹರಿಗೋಲಿನ ಆಯುಸ್ಸೇ ತೀರುತ್ತಿದ್ದಿತು.

ಮುಚ್ಚಿದ ಕೋಣೆಯಲ್ಲಿ ನೀರು ತಾನಾಗಿ ಒಣಗುವುದೆಂದು ನಂಬುವಂತಿಲ್ಲ. 40 ಡಿಗ್ರಿಯಲ್ಲಿ ಒಂದು ಘನ ಮೀಟರು ಗಾಳಿಯು ಸುಮಾರು 51 ಗ್ರಾಂ ನೀರಾವಿಯನ್ನು ಹೊರಬಲ್ಲುದು. 25 ಡಿಗ್ರಿಯಲ್ಲಿ ಸುಮಾರು 23 ಗ್ರಾಂ ಮಾತ್ರ. ಹಗಲಿನಲ್ಲಿ ಮೇಲೆದ್ದ ಆವಿಯು ರಾತ್ರಿಯಲ್ಲಿ ಮುಚ್ಚಳದ ಒಳಮೈಗೆ ಹನಿಗಟ್ಟಿ ಮತ್ತೆ ಕೆಳಗೆ ತೊಟ್ಟಿಕ್ಕುವುದು. ಹೊರಗೆ ಬಳ್ಳಾರಿಯ ಒಣಬಿಸಿಲು ಸುಡುತ್ತಿರುವಾಗಲೂ ಒಳಗೆ ನಿತ್ಯವೂ ಮಳೆಗಾಲ ನಡೆಯುತ್ತಿರುವುದು. ಒಂದು ಕಡೆಯಿಂದ ಗಾಳಿ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುವಂತೆ ಎರಡು ಕಿಂಡಿಗಳಿದ್ದಲ್ಲಿ ಮಾತ್ರ ಆ ಆವಿಯು ನಿಜವಾಗಿ ಹೊರಬೀಳುವುದು.

ನಿಂತ ನೀರಿನ ಇನ್ನೊಂದು ಸಂತಾನವು ಸೊಳ್ಳೆ. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಇಂಥ ನೆರಳಿನ, ತಿಳಿಯಾದ, ಅಲುಗಾಡದ ಮಳೆನೀರೇ ಪ್ರಿಯವಾದುದು. ಬೆಚ್ಚಗಿನ ಋತುವಿನಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನಗಳು ಸಾಕು. ಆದುದರಿಂದ ವಾರಕ್ಕೊಮ್ಮೆಯಾದರೂ ಕೋಣೆಗಳನ್ನು ಬರಿದುಮಾಡಬೇಕು. ಅದರ ಮೊಟ್ಟೆಗಳು ನೀರಿನಂಚಿನ ಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮುಂದಿನ ಮಳೆಗೆ ಒಡೆಯುವುದರಿಂದ, ಬರಿದುಮಾಡಿದ ಗೋಡೆಯನ್ನು ಉಜ್ಜಿ ತೊಳೆಯುವುದೂ ಅಷ್ಟೇ ಅವಶ್ಯಕ.

ಕೈಗೆಟುಕದ ಮೂಲೆ

ಇಷ್ಟನ್ನೂ ಕೂಡಿಸಿ ನೋಡಿದರೆ ಒಂದು ತತ್ತ್ವವು ಹೊರಪಡುವುದು. ಒಳಹೊಕ್ಕ ಮಳೆನೀರಿನ ಅಪಾಯವು ಅದರ ಮೊತ್ತಕ್ಕಿಂತಲೂ ಅದರ ಅಜ್ಞಾತವಾಸದಲ್ಲಿ ಹೆಚ್ಚಾಗಿದೆ. ಕಣ್ಣಿಗೆ ಕಾಣುವ ನೀರನ್ನು ಅಂಬಿಗನು ಗೋರಿ ಚೆಲ್ಲುವನು, ಕಾಣದ ನೀರು ನೌಕೆಯನ್ನು ವಾಲಿಸುವುದು, ಕೊಳೆಯಿಸುವುದು, ರೋಗವನ್ನು ಹೆರುವುದು. ಹರಿಗೋಲಿನಲ್ಲಿ ಕೋಣೆಯಿಲ್ಲ, ಮುಚ್ಚಳವಿಲ್ಲ, ಮರೆಯಾದ ಮೂಲೆಯೊಂದೂ ಇಲ್ಲ. ಅಡ್ಡಗೋಡೆಯ ರಕ್ಷಣೆ ಅದಕ್ಕಿಲ್ಲವೆಂಬುದು ನಿಜವಾದರೂ, ಒಂದೇ ನೋಟಕ್ಕೆ ಪೂರ್ತಿಯಾಗಿ ಕಾಣುವ, ಒಬ್ಬನೇ ಮನುಷ್ಯನು ಮಗುಚಬಹುದಾದ ಒಡಲಿನ ಗುಣವು ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಟ್ಟಿದೆ.

2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಹಾಪೂರವು ಸಿರುಗುಪ್ಪದ ಸೀಮೆಯನ್ನೂ ಬಿಡಲಿಲ್ಲ. ಅಂಥ ದಿನಗಳಿಗಾಗಿ ನದೀತೀರದ ಊರುಗಳಲ್ಲಿ ಇರಿಸುವ ರಕ್ಷಣಾ ದೋಣಿಗಳು ವರ್ಷದ ಬಹುಭಾಗವನ್ನು ಆಕಾಶದ ಕೆಳಗೆ ನಿಶ್ಚಲವಾಗಿ ಕಳೆಯುವುವು, ಮತ್ತು ಕರೆ ಬಂದಾಗ ಕ್ಷಣಾರ್ಧದಲ್ಲಿ ನೀರಿಗಿಳಿಯಬೇಕಾಗುವುವು. ಅವುಗಳ ಕೋಣೆಗಳಲ್ಲಿ ನೂರು ಲೀಟರು ಹಳೆಯ ಮಳೆನೀರು ಅಡಗಿದ್ದರೆ, ತೇಲಲೆಂದು ತುಂಬಿಸಿದ ನೊರೆಪದಾರ್ಥವು ವರ್ಷಗಳಿಂದ ನೀರು ಹೀರಿ ಭಾರವಾಗಿದ್ದರೆ, ಆ ದಿನ ಅದನ್ನು ಕಂಡುಹಿಡಿಯಲು ಸಮಯವಿರುವುದಿಲ್ಲ. ಮುಂಗಾರಿಗೆ ಮುನ್ನ ಮುಚ್ಚಳಗಳನ್ನೆಲ್ಲ ತೆರೆದು ಒಳಗೆ ಕೈಯಾಡಿಸಿ ನೋಡುವುದು, ಮಳೆಗಾಲದಲ್ಲಿ ಇಳಿಜಾರಾದ ಹೊದಿಕೆ ಹಾಸಿ ಮೂತಿಯನ್ನು ತುಸು ಎತ್ತರಿಸಿ ಬಿರಡೆ ತೆಗೆದಿಡುವುದು, ವರ್ಷಕ್ಕೊಮ್ಮೆ ದೋಣಿಯನ್ನು ತೂಗಿ ಹಳೆಯ ತೂಕದೊಡನೆ ಹೋಲಿಸುವುದು, ಇವಿಷ್ಟು ಖರ್ಚಿಲ್ಲದ ಕರ್ತವ್ಯಗಳು. ದೋಣಿಯನ್ನು ಕಟ್ಟುವವರಿಗೂ ಕೊಳ್ಳುವವರಿಗೂ ಈ ಅಧ್ಯಾಯದ ವಿಜ್ಞಾನವು ಕೊಡುವ ಸೂತ್ರವು ಒಂದೇ: ಕೈ ಹೊಗದ, ಕಣ್ಣು ಕಾಣದ, ಗಾಳಿಯಾಡದ ಕೋಣೆಯನ್ನು ತೇಲುವ ಒಡಲಿನಲ್ಲಿ ಇರಗೊಡಬಾರದು, ಅಂಥದೊಂದು ಇದ್ದೇ ತೀರಬೇಕಾದರೆ, ಒಳಗೆ ಬಂದ ನೀರು ತಾನು ಬಂದ ಸುದ್ದಿಯನ್ನು ತಾನೇ ತಂದೊಪ್ಪಿಸುವ ದಾರಿಯೊಂದನ್ನು ಅದರ ಬುಡದಲ್ಲಿ ಬಿಟ್ಟಿರಬೇಕು.